ಜಗಳ ಆಡದ ವಿಷಯಗಳನ್ನೂ ಸ್ವಲ್ಪ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ರಾಜಕೀಯದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ಇಲ್ಲಿ ಮಿಶಿಗನ್‌ನಲ್ಲಿ ಕೂತು ತಪ್ಪದೆ ಓದುತ್ತೇನೆ. ನಿರುದ್ಯೋಗ, ತೆರಿಗೆ, ಸಮಾನ ಹಕ್ಕು ಅಂದ ತಕ್ಷಣ ರಿಪಬ್ಲಿಕನ್ನರು ಹೀಗಂದರು, ಡೆಮಾಕ್ರಾಟರು ಹಾಗಂದರು ಅಂತ ಎರಡು ಕಾಲಂ ತುಂಬಿರುತ್ತದೆ. ಇಲ್ಲಿನ ಟಿ.ವಿ.ಯವರೂ ಅದನ್ನೇ ಮಾಡುತ್ತಾರೆ, ನಿಮ್ಮೊಬ್ಬರನ್ನೇ ಯಾಕೆ ದೂರಲಿ? ನನ್ನ ತಕರಾರು ಇಷ್ಟೇ. ಎರಡು ಪಕ್ಷದವರು ಕಚ್ಚಾಡಿದ್ದು ಮಾತ್ರ ಸುದ್ದಿಯಾಗುತ್ತಿದೆ. ಇಬ್ಬರೂ ಸೇರಿ ಮಾಡಿದ್ದು, ಇಬ್ಬರೂ ಸೇರಿ ಮಾಡದೇ ಬಿಟ್ಟಿದ್ದು ಎಲ್ಲೂ ಬರುವುದಿಲ್ಲ.

ನಾನು ನಿವೃತ್ತ ಅಕೌಂಟೆಂಟ್. ಜನವರಿ ಕೊನೆಯಿಂದ ಏಪ್ರಿಲ್ 15ರವರೆಗೆ ಇಲ್ಲಿನ ಒಂದು ಲೈಬ್ರರಿಯಲ್ಲಿ ಕಡಿಮೆ ಆದಾಯದವರಿಗೆ ಪುಕ್ಕಟೆಯಾಗಿ ತೆರಿಗೆ ರಿಟರ್ನ್ ತುಂಬಿಕೊಡುತ್ತೇನೆ. ಒಮ್ಮೆ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಕಳೆದುಕೊಂಡವರೊಬ್ಬರು ಬಂದರು. ಐವತ್ತು ದಾಟಿದ ಮನುಷ್ಯ. ಕವರಿನಲ್ಲಿ ಎರಡು ಕಾಗದ. ಒಂದು ಸಂಬಳದ ಡಬ್ಲ್ಯೂ-2, ಇನ್ನೊಂದು 1099-ಜಿ, ಅಂದರೆ ರಾಜ್ಯ ಸರ್ಕಾರ ಕೊಟ್ಟ ನಿರುದ್ಯೋಗ ಭತ್ಯೆಯ ಲೆಕ್ಕ. ಈ ಸಲ ರಿಫಂಡ್ ಬಂದರೆ ಕಾರಿಗೆ ಟೈರ್ ಹಾಕಿಸಬೇಕು ಅಂತ ಮಾತಾಡುತ್ತಾ ಕೂತಿದ್ದರು. ನಾನು ಭತ್ಯೆಯ ಕಾಗದದ ಒಂದನೇ ಬಾಕ್ಸಿನ ಮೊತ್ತ ಟೈಪ್ ಮಾಡಿದೆ. ಕಂಪ್ಯೂಟರಿನಲ್ಲಿ ರಿಫಂಡ್ ಅಂತ ಕಾಣುತ್ತಿದ್ದ ಅಂಕಿ ಸರ್ರನೆ ಇಳಿದು ಕಟ್ಟಬೇಕಾದ ಬಾಕಿಯಾಯಿತು. ಮೊದಲೇ ಮುರಿದುಕೊಂಡ ತೆರಿಗೆ ತೋರಿಸುವ ನಾಲ್ಕನೇ ಬಾಕ್ಸ್ ಖಾಲಿ. ಭತ್ಯೆಯಲ್ಲಿ ಶೇ 10ರಷ್ಟು ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ತೆರಿಗೆ ಮುರಿದುಕೊಳ್ಳಿ ಅಂತ ನಾವೇ ಬರೆದುಕೊಡಬೇಕು, ಇಲ್ಲದಿದ್ದರೆ ಮುರಿಯುವುದಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. “ಕೆಲಸ ಹೋಗಿದ್ದಕ್ಕೂ ಟ್ಯಾಕ್ಸಾ?” ಅಂತ ಕೇಳಿದರು. ಹೌದು ಅನ್ನದೆ ಇನ್ನೇನು ಹೇಳಲಿ?

ಈ ತೆರಿಗೆ ಹಾಕಿದ್ದು ಯಾವ ಪಕ್ಷ ಅಂತ ಕೇಳಿದರೆ ಇಬ್ಬರೂ ಬೇರೆ ಕಡೆ ನೋಡುತ್ತಾರೆ. ಡೆಮಾಕ್ರಾಟ್ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ, 1978ರ ಕಾನೂನಿನಲ್ಲಿ, ಭತ್ಯೆಯ ಒಂದು ಭಾಗಕ್ಕೆ ತೆರಿಗೆ ಬಂತು. ರಿಪಬ್ಲಿಕನ್ ರೇಗನ್ ಕಾಲದ 1986ರ ತೆರಿಗೆ ಸುಧಾರಣೆಯಲ್ಲಿ ಪೂರ್ತಿ ಭತ್ಯೆಗೂ ಬಂತು, ಅದಕ್ಕೆ ಎರಡೂ ಪಕ್ಷದವರ ಓಟು ಬಿದ್ದಿತ್ತು. ಕೋವಿಡ್ ಬಂದಾಗ ಬೈಡನ್ ಸರ್ಕಾರ 2020ರ ಭತ್ಯೆಯಲ್ಲಿ 10,200 ಡಾಲರ್‌ವರೆಗೆ ವಿನಾಯಿತಿ ಕೊಟ್ಟಿತು. ಅದು ಆ ಒಂದು ವರ್ಷಕ್ಕೆ ಮಾತ್ರ. ಆಮೇಲೆ ಅದರ ಸುದ್ದಿಯೇ ಇಲ್ಲ. ನಮ್ಮ ರಾಜ್ಯದಲ್ಲಂತೂ 2002ರಿಂದ ವಾರಕ್ಕೆ ಹೆಚ್ಚೆಂದರೆ 362 ಡಾಲರ್ ಅಂತಿದ್ದ ಭತ್ಯೆ ಏರಿದ್ದು 2025ರಲ್ಲಿ. ಅಷ್ಟು ವರ್ಷಗಳಲ್ಲಿ ಗವರ್ನರ್ ಕುರ್ಚಿಯಲ್ಲಿ ಎರಡೂ ಪಕ್ಷದವರು ಕೂತು ಎದ್ದಿದ್ದಾರೆ.

ಇನ್ನು ಜಗಳ ಆಡುವ ವಿಷಯಕ್ಕೆ ಬರೋಣ. ನಿರುದ್ಯೋಗದ ಶೇಕಡಾವಾರು ಅಂಕಿ ಬರುವುದು ಪ್ರತಿ ತಿಂಗಳೂ ಸುಮಾರು 60,000 ಮನೆಗಳ ಸಮೀಕ್ಷೆಯಿಂದ. ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕದವರನ್ನು ನಿರುದ್ಯೋಗಿ ಅಂತ ಎಣಿಸುವುದಿಲ್ಲ (ಕೆಲಸಕ್ಕೆ ವಾಪಸ್ ಕರೆಸುತ್ತಾರೆ ಅಂತ ಕಾಯುತ್ತಿರುವವರ ಲೆಕ್ಕ ಬೇರೆ). ಯಾವ ಅಧ್ಯಕ್ಷರಿದ್ದರೂ ಎಣಿಸುವ ರೀತಿ ಅದೇ. ಆದರೂ 2016ರಲ್ಲಿ ಟ್ರಂಪ್ ಶೇ 4.9 ಅನ್ನುವುದು ಸುಳ್ಳು, ನಿಜವಾದದ್ದು 28, 29, ಇಲ್ಲವೇ 35 ಇರಬಹುದು, 42 ಅಂತಲೂ ಕೇಳಿದ್ದೇನೆ ಅಂದಿದ್ದರು. 2017ರ ಮಾರ್ಚ್‌ನಲ್ಲಿ ಅಂಕಿ 4.7 ಬಂತು. ಆಗ ಅವರ ವಕ್ತಾರ ಶಾನ್ ಸ್ಪೈಸರ್, ಹಿಂದೆ ಸುಳ್ಳಿದ್ದಿರಬಹುದು, ಈಗ ನಿಜ ಅಂತ ಅಧ್ಯಕ್ಷರ ಮಾತನ್ನೇ ನಗುತ್ತಾ ತಲುಪಿಸಿದರು! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಇದಕ್ಕೇ. 2025ರ ಆಗಸ್ಟ್‌ನಲ್ಲಿ ಉದ್ಯೋಗದ ಅಂಕಿ ಹಿಡಿಸದೇ ಹೋದಾಗ ಟ್ರಂಪ್, ಆ ಲೆಕ್ಕ ಕೊಡುವ ಅಂಕಿಅಂಶ ಬ್ಯೂರೋದ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನೇ ಕೆಲಸದಿಂದ ತೆಗೆದರು. ಇದು ಬರೀ ಬಾಯಿಮಾತಲ್ಲ, ಇದು ನನಗೆ ಭಯ ಹುಟ್ಟಿಸಿದ್ದು ನಿಜ.

ಡೆಮಾಕ್ರಾಟರೇನು ಕಡಿಮೆಯಲ್ಲ. 1996ರಲ್ಲಿ ಕ್ಲಿಂಟನ್ ಎರಡನೇ ಸಲ ನಿಂತಾಗ ನಿರುದ್ಯೋಗ ಶೇ 5ರ ಮೇಲೆ ಸ್ವಲ್ಪ ಇತ್ತು, ಹೆಮ್ಮೆಯಿಂದ ಹೇಳಿಕೊಂಡರು. 2004ರಲ್ಲಿ ಬುಷ್ ನಿಂತಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಗ ಇದೇ ಡೆಮಾಕ್ರಾಟರು ದೇಶವೇ ಮುಳುಗಿದ ಹಾಗೆ ಮಾತಾಡಿದರು. ಇಲ್ಲೇ ಆನ್ ಆರ್ಬರ್‌ನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದವರು ಆರ್ಥಿಕತೆ ಹೇಗಿದೆ ಅಂತ ಜನರನ್ನು ತಿಂಗಳು ತಿಂಗಳೂ ಕೇಳುತ್ತಾರೆ. ಶ್ವೇತಭವನದಲ್ಲಿ ಪಕ್ಷ ಬದಲಾದ ಕೂಡಲೇ ಉತ್ತರಗಳೂ ತಲೆಕೆಳಗಾಗುತ್ತವೆ. ನೆನ್ನೆ ಚೆನ್ನಾಗಿದೆ ಅಂದವರು ಇವತ್ತು ಹಾಳಾಯಿತು ಅನ್ನುತ್ತಾರೆ. ನಮ್ಮ ಯಜಮಾನರು ಮತ್ತು ಮಗ ಊಟಕ್ಕೆ ಕೂತರೆ ಇದೇ ಕಥೆ, ಬಿಡಿ.

ಟಿಪ್ಸ್ ವಿಷಯ ಇನ್ನೂ ಮಜಾ. 2024ರ ಚುನಾವಣೆಯಲ್ಲಿ ಟಿಪ್ಸ್‌ಗೆ ತೆರಿಗೆ ಬೇಡ ಅಂತ ಟ್ರಂಪ್ ಅಂದರು, ಹ್ಯಾರಿಸ್ ಕೂಡ ಅಂದರು. 2025ರ ಕಾನೂನಿನಲ್ಲಿ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಆದಾಯ ತೆರಿಗೆಯಿಂದ ವಿನಾಯಿತಿಯೂ ಸಿಕ್ಕಿತು. ಆದರೆ ನನ್ನ ಟೇಬಲ್ಲಿಗೆ ಬರುವ ಹೋಟೆಲ್ ಹುಡುಗಿಯರಲ್ಲಿ ಬಹಳ ಜನರ ಆದಾಯ ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ, ಅಂದರೆ ತೆರಿಗೆ ಹಾಕದೆ ಬಿಡುವ ಮೊತ್ತಕ್ಕಿಂತ, ಕಡಿಮೆ. ಅವರು ಮೊದಲೇ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಅವರ ಕೈಯಿಂದ ಹೋಗುವುದು ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಸೇರಿ ಶೇ 7.65. ಅದು ಟಿಪ್ಸ್ ಮೇಲೆ ಈಗಲೂ ಬೀಳುತ್ತದೆ. ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಸಿಗುವವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಕದಲಿಲ್ಲ. ಕೆಲವು ರಾಜ್ಯಗಳಲ್ಲಿ ಜಾಸ್ತಿ ಇದೆ, ನಮ್ಮಲ್ಲೂ ಇದೆ. ಆದರೆ ವಾಷಿಂಗ್ಟನ್‌ನಲ್ಲಿ ಇಷ್ಟು ಸರ್ಕಾರ ಬಂದು ಹೋದರೂ ಯಾರೂ ಮುಟ್ಟಿಲ್ಲ.

ಸಮಾನ ಹಕ್ಕಿನ ಕಥೆಯೂ ಹೀಗೇ. ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ ಇಬ್ಬರೂ ಹೆಂಗಸರು, ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದವರು, 2007ರಲ್ಲಿ ಟೊರಾಂಟೊಗೆ ಹೋಗಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡರು. ಗಂಡ ಸತ್ತು ಆಸ್ತಿ ಹೆಂಡತಿಗೆ ಬಂದಿದ್ದರೆ ಒಂದು ಡಾಲರ್ ತೆರಿಗೆಯೂ ಇರುತ್ತಿರಲಿಲ್ಲ. ವಿಂಡ್ಸರ್ ಕೈಗೆ 3,63,053 ಡಾಲರ್ ಫೆಡರಲ್ ತೆರಿಗೆ ಬಂತು. ಯಾಕೆಂದರೆ ಫೆಡರಲ್ ಸರ್ಕಾರ ಅವರ ಮದುವೆಯನ್ನು ಮದುವೆ ಅಂತಲೇ ಒಪ್ಪುತ್ತಿರಲಿಲ್ಲ. ಆ ಕಾನೂನು 1996ರದ್ದು. ರಿಪಬ್ಲಿಕನ್ ಬಹುಮತದ ಕಾಂಗ್ರೆಸ್‌ನಲ್ಲಿ ಸೆನೆಟ್ 85–14ರಿಂದ ಪಾಸು ಮಾಡಿತು, ಡೆಮಾಕ್ರಾಟ್ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು 5–4ರಿಂದ ಹೊಡೆದುಹಾಕಿತು. ಈಗ ಅಂಥ ದಂಪತಿ ಬಂದರೆ ಜಂಟಿ ರಿಟರ್ನ್ ಅನ್ನುವಲ್ಲಿ ಒಂದು ಟಿಕ್ ಹಾಕುತ್ತೇನೆ, ಮುಗಿಯಿತು. ಮಹಿಳೆಯರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯನ್ನು ಪ್ರಣಾಳಿಕೆಯಲ್ಲಿ ಮೊದಲು ಸೇರಿಸಿದ್ದು ರಿಪಬ್ಲಿಕನ್ನರು, 1940ರಲ್ಲಿ. 1980ರಲ್ಲಿ ಅವರೇ ಕೈಬಿಟ್ಟರು. ಇವತ್ತಿನ ಭಾಷಣ ಕೇಳಿದರೆ ಇದನ್ನು ಯಾರಾದರೂ ಊಹಿಸಲು ಸಾಧ್ಯವಾ?

ಇಬ್ಬರೂ ಒಂದೇ ಅಂತ ನಾನು ಹೇಳುತ್ತಿಲ್ಲ. ನನ್ನ ಓಟು ಯಾರಿಗೆ ಅನ್ನುವುದರಲ್ಲಿ ನನಗೆ ಗೊಂದಲವೂ ಇಲ್ಲ. ಓದುಗಿಯಾಗಿ ಒಂದು ಕೋರಿಕೆ ಅಷ್ಟೇ. ಮುಂದಿನ ಸಲ ಇಲ್ಲಿನ ನಾಯಕರು ಯಾರಾದರೂ ನಿರುದ್ಯೋಗ ಇಷ್ಟು ಇಳಿಸಿದೆ, ತೆರಿಗೆ ಅಷ್ಟು ಕಡಿಮೆ ಮಾಡಿದೆ ಅಂದರೆ, ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ. ಅದೇ ಪಕ್ಷ ಹಿಂದೆ ಅದೇ ಅಂಕಿಗೆ ಏನಂದಿತ್ತು, ಆ ಕಾನೂನಿಗೆ ಯಾರು ಯಾರು ಓಟು ಹಾಕಿದ್ದರು ಅಂತ ನಾಲ್ಕು ಸಾಲು ಸಾಕು. ಜಾಗ ಸಾಲದಿದ್ದರೆ ಭಾಷಣದ ಫೋಟೋ ಸ್ವಲ್ಪ ಚಿಕ್ಕದು ಮಾಡಿ.

– ನಿಮ್ಮ ಹಳೆಯ ಓದುಗಿ, ಮಿಶಿಗನ್, ಅಮೆರಿಕ