ಮಗಳಿಗೊಂದು ಪತ್ರ: ನಿನ್ನ ಟರೆಟ್ ಇನ್ನೂ ಇದೆ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಇಂಗ್ಲೆಂಡಿನ ಕವೆಂಟ್ರಿ ತಲುಪಿ ಕೋಣೆಗೆ ಸೇರಿಕೊಂಡ ಸುದ್ದಿಯನ್ನು ನಿಮ್ಮಪ್ಪ ಹೇಳಿದರು. ಅವರಿಗೆ ಫೋನ್ ಮಾಡಿ ನನಗೆ ಮಾಡಲಿಲ್ಲವೆಂದು ಆಕ್ಷೇಪಿಸಲು ಈ ಪತ್ರವನ್ನು ಬರೆಯುತ್ತಿಲ್ಲ. ಹೊರಡುವ ದಿನ ಬೆಳಿಗ್ಗೆ ನಡೆದ ಮಾತುಗಳನ್ನೆಲ್ಲ ಮತ್ತೆ ಕಾಗದದ ಮೇಲೆ ಇಳಿಸುವ ಅಗತ್ಯವೂ ಇಲ್ಲ. ನೀನು ಮಲಗಿದ ಮೇಲೆ ನಿನ್ನ ಸೂಟ್‌ಕೇಸನ್ನು ತೆರೆದು ಮೊದಲಿನಿಂದ ಜೋಡಿಸಿದ್ದು ನಿಜ. ನೀನು ಮಾದರಿಗಳನ್ನು ಮಾಡುವ ಪ್ಲಾಸ್ಟಿಕ್ ಹಾಳೆಗಳ ಕಟ್ಟನ್ನು ತೆಗೆದು ಆ ಜಾಗದಲ್ಲಿ ಚಟ್ನಿಪುಡಿಯನ್ನೂ ಇನ್ನೊಂದು ಸ್ವೆಟರನ್ನೂ ಇಟ್ಟದ್ದು ನಿಜ. ಆದರೆ ನೀನು ಕಡೆಯಲ್ಲಿ "ಟರೆಟ್‌ಗೂ ಹೀಗೇ ಮಾಡಿದ್ದೆ ಅಲ್ವಾ ಅಮ್ಮ" ಎಂದೆಯಲ್ಲ, ಶಾಲೆಗೆಂದು ಮಾಡಿದ್ದ ಆ ಪುಟ್ಟ ಯುದ್ಧದ ಕಾರಿನ ನೆತ್ತಿಯ ಗನ್ ಗೋಪುರವನ್ನು ನೆನೆದು, ಆ ಒಂದು ಮಾತು ಅಂದಿನಿಂದ ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ನಿನಗೆ ಅದು ಗೊತ್ತಿದೆ ಎಂಬುದು ಈ 11 ವರ್ಷಗಳಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಆ ಕಾರನ್ನೇ ಮಾಡಬೇಕೆಂದು ಹಟ ಹಿಡಿದವಳು ನೀನು. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾ ಊರಿಗಾಗಿ ನಡೆದ ಕಾಳಗದ ಕುರಿತು ಶಾಲೆಗೆ ಒಂದು ಮಾದರಿ ಮಾಡಿ ತರಬೇಕೆಂದಾಗ ಉಳಿದ ಮಕ್ಕಳೆಲ್ಲ ಕುದುರೆ, ಭರ್ಜಿ ಎಂದು ಹೊರಟರು. ನಾನೂ ನಿನ್ನನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ, ಸ್ಮಾರಕದ ಮುಂದೆ ನಿಲ್ಲಿಸಿ, ಒಬ್ಬ ಸವಾರನನ್ನು ಮಾಡಿದರೆ ಸಾಕು ಎಂದೆ. ನೀನು ಒಪ್ಪಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾವನ್ನು ಗೆದ್ದದ್ದು ಎಲ್ಲರಿಗೂ ಗೊತ್ತು, ಅದರ ಹಿಂದಿನ ದಿನ ಉಕ್ಕಿನ ಕವಚ ತೊಟ್ಟ ಕಾರುಗಳು ಆ ಊರಿನತ್ತ ಹೋಗಿ, ತೋಪಿನ ಗುಂಡುಗಳಿಗೆ ಎದುರು ನಿಲ್ಲಲಾಗದೆ ಹಿಂದಿರುಗಿದ್ದವು, ನಾನು ಆ ಹಿಂದಿರುಗಿದ ಕಾರನ್ನು ಮಾಡುತ್ತೇನೆ ಎಂದೆ. ಹದಿಮೂರು ವರ್ಷದ ಹುಡುಗಿಗೆ ಗೆದ್ದವರನ್ನು ಬಿಟ್ಟು ಹಿಂದಿರುಗಿದವರ ಮೇಲೆ ಮನಸ್ಸು ಹೋದದ್ದು ನನಗೆ ಆಗ ವಿಚಿತ್ರವೆನಿಸಿತ್ತು. ಈಗ ಅದೇ ನನಗೆ ಹೆಮ್ಮೆ.

ಪ್ಯಾಲೆಸ್ಟೈನಿನ ಆ ರಣರಂಗದಲ್ಲಿ ರೋಲ್ಸ್-ರಾಯ್ಸ್ ಕವಚದ ಕಾರುಗಳಿದ್ದವೆಂದು ಓದಿ, ನಾವು 1914ರ ಮಾದರಿಯನ್ನು ಆರಿಸಿಕೊಂಡೆವು. ಶ್ರೀಮಂತರು ಸವಾರಿ ಮಾಡುತ್ತಿದ್ದ ಸಿಲ್ವರ್ ಘೋಸ್ಟ್ ಕಾರಿನ ಚಾಸಿ ಎಂಬ ಅಡಿಗಟ್ಟು, ಅದರ ಮೇಲೆ ಉಕ್ಕಿನ ತಗಡು, ಹಿಂಬದಿಯಲ್ಲಿ ಬರೀ ಮರದ ಹಲಗೆ, ನೆತ್ತಿಯಲ್ಲಿ ಒಂದು ವಿಕರ್ಸ್ ಮೆಷಿನ್ ಗನ್ ಹೊತ್ತು ಸುತ್ತುವ ಟರೆಟ್. ಡ್ರಾಯಿಂಗ್ ಆಫೀಸಿನಲ್ಲಿ ಸೇತುವೆಗಳ ನಕ್ಷೆ ಬರೆದು ಪಳಗಿದ ಕೈ ನನ್ನದಾದ್ದರಿಂದ 1:35ರ, ಅಂದರೆ ನಿಜದ 35ರಲ್ಲೊಂದು ಪಾಲಿನ, ಅಳತೆಯ ಲೆಕ್ಕವನ್ನು ನಾನು ಹಾಕಿಕೊಟ್ಟೆ: ಸುಮಾರು 4.9 ಮೀಟರ್ ಉದ್ದದ ಕಾರು 140 ಮಿ.ಮೀ. ಆಯಿತು, ಅಂಗೈಯಿಂದ ಸ್ವಲ್ಪವೇ ಆಚೆ ಚಾಚುವಷ್ಟು. ಉಕ್ಕಿನ ದಪ್ಪ 12 ಮಿ.ಮೀ. ಎಂದಿಟ್ಟುಕೊಂಡರೂ ನಮ್ಮ ಅಳತೆಯಲ್ಲಿ ಅದು 0.34 ಮಿ.ಮೀ.; ನಮ್ಮ ಬಳಿ ಇದ್ದ ಹಾಳೆಗಳು 0.5 ಮತ್ತು 1 ಮಿ.ಮೀ.ನವು. ನಾನು ಇನ್ನೂ ತೆಳುವಾದ ಹಾಳೆಗಾಗಿ ಅವೆನ್ಯೂ ರಸ್ತೆಯನ್ನೆಲ್ಲ ಸುತ್ತಿ ಬಂದರೆ, ನೀನು ಅಷ್ಟರಲ್ಲಿ ಬಾಗಿಲುಗಳ ಅಂಚನ್ನು ಒಳಬದಿಯಿಂದ ಓರೆಯಾಗಿ ಹೆರೆದು, "ಕಣ್ಣಿಗೆ ಕಾಣೋ ಅಂಚು ತೆಳ್ಳಗಿದ್ರೆ ಸಾಕಮ್ಮ, ಹಾಳೆ ಪೂರ್ತಿ ತೆಳ್ಳಗಿರಬೇಕಿಲ್ಲ" ಎಂದಿದ್ದೆ. ಇದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಟರೆಟ್. ಕೆಳಗೆ ದುಂಡಗಿದ್ದು, ಮೇಲೆ ಚಪ್ಪಟೆ ತಗಡುಗಳು ಇಳಿಜಾರಾಗಿ ಕೂರುವ ಆಕಾರ ಅದು. ದುಂಡನ್ನು ಚಪ್ಪಟೆ ಎಲ್ಲಿ ಕತ್ತರಿಸುತ್ತದೆಯೋ ಅಲ್ಲಿ ಬಾಗಿದ ಗೆರೆ ಬರುತ್ತದೆ, ಅದನ್ನು ನೇರ ಅಳತೆಪಟ್ಟಿಯಿಂದ ಎಳೆಯಲಾಗದು. ನೀನು ಕೆಮ್ಮಿನ ಔಷಧದ ಖಾಲಿ ಬಾಟಲಿಗೆ 0.5 ಮಿ.ಮೀ. ಹಾಳೆಯನ್ನು ಸುತ್ತಿ, ದಾರದಿಂದ ಬಿಗಿದು, ಕಾಫಿಗೆ ಇಟ್ಟಿದ್ದ ಕುದಿಯುವ ನೀರಿನಲ್ಲಿ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿದೆ. ದಾರ ಬಿಚ್ಚಿದಾಗ ಹಾಳೆ ಬಾಟಲಿಯ ದುಂಡನ್ನೇ ಹಿಡಿದುಕೊಂಡು ನಿಂತಿತ್ತು. ಎರಡು ಮಧ್ಯಾಹ್ನ ಕೂತು ಇಳಿಜಾರು ತಗಡುಗಳನ್ನು ಉಜ್ಜುಕಾಗದದಿಂದ ತೀಡಿ ತೀಡಿ ಕೂರಿಸಿದೆ. ಕಂಪಾಸಿನ ಮೊನೆಯಿಂದ ಹಿಂಬದಿಯಿಂದ ಒತ್ತಿ ರಿವೆಟ್ ಸಾಲುಗಳನ್ನು ಎಬ್ಬಿಸಿದೆ. ಒಂದು ಚುಕ್ಕೆ ಸಾಲು ತಪ್ಪಿದರೆ ಆ ತುಂಡನ್ನೇ ಬಿಟ್ಟು ಹೊಸದನ್ನು ಶುರು ಮಾಡುತ್ತಿದ್ದೆ. ಶಾಲೆಗೆ ಒಯ್ಯುವ ಹಿಂದಿನ ದಿನ ಸಂಜೆ ಅದನ್ನು ಕಾರಿನ ಮೇಲಿಟ್ಟು ನೋಡಿದೆವು. ಎಡಬದಿ ಬಲಬದಿಗಿಂತ ಎತ್ತರಕ್ಕಿತ್ತು, ವ್ಯತ್ಯಾಸ ಒಂದು ಮಿ.ಮೀ. ಕೂಡ ಇರಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ, ಊಟ ಮಾಡಿ ಮಲಗಿದೆ.

ನನಗೆ ನಿದ್ರೆ ಬರಲಿಲ್ಲ. ಮೂಲೆಮಟ್ಟ ಹಿಡಿದು ಮೂರು ಸಲ ನೋಡಿದೆ. ನಕ್ಷೆಯಲ್ಲಿ ಒಂದು ಗೆರೆ ಅರ್ಧ ಮಿ.ಮೀ. ಸರಿದರೂ ಹಾಳೆಯನ್ನು ಹಿಂದಕ್ಕೆ ಕಳಿಸುತ್ತಿದ್ದವರ ಕೈಕೆಳಗೆ 22 ವರ್ಷ ಕೆಲಸ ಮಾಡಿದವಳು ನಾನು; ನನ್ನ ಮಗಳ ಕೆಲಸವನ್ನು ಯಾರೋ ಬೆರಳು ತೋರಿಸಿ ವಾಲಿದೆ ಎನ್ನುವುದನ್ನು ನೆನೆದು ಹೆದರಿದೆ. ರಾತ್ರಿ ಒಂದು ಗಂಟೆಯವರೆಗೆ ಕೂತು ಇನ್ನೊಂದು ಟರೆಟ್ ಮಾಡಿದೆ. ಗಟ್ಟಿಯಾಗಿರಲೆಂದು ಎರಡು ಪದರ ಹಾಳೆಯನ್ನು ಒಂದರ ಮೇಲೊಂದು ಅಂಟಿಸಿದೆ, ಬೇಗ ಹಿಡಿಯಲೆಂದು, ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವ ದ್ರಾವಕವನ್ನು ಧಾರಾಳವಾಗಿ ಹರಿಸಿದೆ, ಅಡಿಯನ್ನು ಪೂರ್ತಿ ಮುಚ್ಚಿದೆ. ನೀನು ಮಾಡಿದ್ದನ್ನು ತೆಗೆದು ನನ್ನದನ್ನು ಕೂರಿಸಿ, ಬಣ್ಣ ಬಳಿದು ಮಲಗಿದೆ. ಬೆಳಿಗ್ಗೆ ಎದ್ದು ನೀನು ಕಾರನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದೆ. ಬಣ್ಣ ಚೆನ್ನಾಗಿ ಬಂದಿದೆ ಎಂದು ನೋಡುತ್ತಿದ್ದೀಯೆಂದು ತಿಳಿದೆ. ನೀನು ಏನೂ ಹೇಳಲಿಲ್ಲ. ಶಾಲೆಯಲ್ಲಿ ಬಹುಮಾನ ಬಂದಾಗಲೂ ಏನೂ ಹೇಳಲಿಲ್ಲ, ಅದಾದ ಮೇಲೆ ನೀನು ಮಾಡುತ್ತಿದ್ದ ಯಾವುದನ್ನೂ ಮುಗಿಯುವವರೆಗೆ ನನಗೆ ತೋರಿಸಲಿಲ್ಲ. ದೊಡ್ಡವಳಾಗುತ್ತಿದ್ದಾಳೆ, ಹಾಗೆ ಇರುತ್ತಾರೆ ಎಂದುಕೊಂಡೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಬೇಕು. ಮೇಲುನೋಟಕ್ಕೆ ಒಣಗಿದರೂ ಎರಡು ಪದರಗಳ ನಡುವೆ ಸಿಕ್ಕಿಕೊಂಡ ದ್ರಾವಕ ಹೊರಗೆ ಹೋಗಲು ದಾರಿ ಕಾಣದೆ ತಿಂಗಳುಗಟ್ಟಲೆ ಒಳಗೇ ಉಳಿದು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಟರೆಟ್ಟಿನ ಮುಂದಿನ ತಗಡು ಒಳಕ್ಕೆ ಕುಸಿದಿತ್ತು. ನಾನು ಕಾರನ್ನು ಗೋಡೆಯ ಕಡೆಗೆ ತಿರುಗಿಸಿ ಶೋಕೇಸಿನಲ್ಲಿಟ್ಟೆ, ನಿನಗೆ ಹೇಳಲಿಲ್ಲ. ನಿನ್ನ ಟರೆಟ್ಟನ್ನು ನಾನು ಎಸೆದಿರಲಿಲ್ಲ, ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಗುಂಡಿಗಳ ಡಬ್ಬಿಯೊಳಗೆ ಇತ್ತು. ನೀನು ಹೋದ ಮೂರನೆಯ ದಿನ ಅದನ್ನು ತೆಗೆದು, ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿನಲ್ಲಿ ಮೊದಲ ಸಲ ಒಳಗಡೆ ನೋಡಿದೆ. ಒಂದೇ ಪದರ, ಒಳಗೆ ಆಧಾರಕ್ಕೆ ನೀನೇ ಕತ್ತರಿಸಿ ನಿಲ್ಲಿಸಿದ ಮೂರು ಅರ್ಧಚಂದ್ರದ ತುಂಡುಗಳು, ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಒಂದು ತೂತು. ಟರೆಟ್ ತಿರುಗಲೆಂದು ನೀನು ಕೊರೆದ ಆ ತೂತಿನಿಂದಲೇ ಗಾಳಿಯಾಡಿ ಅದು ಉಳಿದಿದೆ. 11 ವರ್ಷದಲ್ಲಿ ಕೂದಲೆಳೆಯಷ್ಟೂ ಬಾಗಿಲ್ಲ. ಎಡಬದಿ ಅಂದು ಎಷ್ಟು ಎತ್ತರಕ್ಕಿತ್ತೋ ಇಂದೂ ಅಷ್ಟೇ ಇದೆ.

ನಾನು ಮಾಡಿದ್ದು ತಪ್ಪು. ಟರೆಟ್ ಬದಲಾಯಿಸಿದ್ದು ಒಂದು ತಪ್ಪು, ನಿನಗೆ ಹೇಳದೆ ಆ ಬಹುಮಾನವನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ್ದು ಅದಕ್ಕಿಂತ ದೊಡ್ಡದು. ಕ್ಷಮಿಸು ಎಂದು ಬರೆಯಲು ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ಆದರೂ ನಿನ್ನ ಚೀಲದಿಂದ ದ್ರಾವಕದ ಬಾಟಲಿಯನ್ನು ತೆಗೆದದ್ದನ್ನು ಮಾತ್ರ ತಪ್ಪೆಂದು ಒಪ್ಪಲಾರೆ. ಬೆಂಕಿ ಹತ್ತುವ ವಸ್ತುವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅಲ್ಲಿಯೇ ಕೊಂಡುಕೋ. ಕೊಂಡಮೇಲೆ ಚಳಿ ಎಂದು ಕಿಟಕಿ ಮುಚ್ಚಿಕೊಂಡು, ಹೀಟರಿನ ಪಕ್ಕ ಕೂತು ಅಂಟಿಸಬೇಡ. ಆ ಆವಿ ತಲೆಗೂ ಒಳ್ಳೆಯದಲ್ಲ, ಕೋಣೆಗೂ ಒಳ್ಳೆಯದಲ್ಲ. ಬ್ಲೇಡ್ ಮೊಂಡಾದರೆ ಕೂಡಲೇ ಬದಲಾಯಿಸು, ಮೊಂಡು ಬ್ಲೇಡಿಗೆ ಬಲ ಹಾಕಿದಾಗಲೇ ಕೈ ಜಾರುವುದು. ಹಾಳೆಯನ್ನು ಒಂದೇ ಏಟಿಗೆ ಕತ್ತರಿಸಲು ಹೋಗದೆ, ಹಗುರವಾಗಿ ಎರಡು ಮೂರು ಸಲ ಗೀರು ಹಾಕಿ, ಗೀರಿನ ಮೇಲೆ ಮುರಿ. ರಾತ್ರಿ ಹೊತ್ತು ಮಾಡಬೇಡ, ಹಸಿದುಕೊಂಡು ಮಾಡಬೇಡ, ದಿನಕ್ಕೊಂದು ಸಲವಾದರೂ ಅನ್ನ ಮಾಡಿಕೊಂಡು ಉಣ್ಣು, ದುಡ್ಡಿಗೆ ಹಿಂದೆ ಮುಂದೆ ನೋಡಬೇಡ. ಇವೆಲ್ಲ ನಿನಗೆ ಗೊತ್ತಿವೆ, ಗೀರು ಹಾಕಿ ಮುರಿಯುವುದನ್ನು ನನಗಿಂತ ಚೆನ್ನಾಗಿ ಮಾಡುವವಳು ನೀನು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ಎಡಗೈ ಹೆಬ್ಬೆರಳಿನ ಆ ಗಾಯದ ಗೆರೆ ನನ್ನ ಕಣ್ಣಮುಂದೆ ಇದೆ, ಮತ್ತು ಅಲ್ಲಿ ನಿನ್ನ ಕೈಗೆ ಬಟ್ಟೆ ಕಟ್ಟುವವರು ಯಾರೂ ಇಲ್ಲ.

ಡಾರ್ಸೆಟ್ ಜಿಲ್ಲೆಯ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಒಂದು ರೋಲ್ಸ್-ರಾಯ್ಸ್ ಕವಚದ ಕಾರು ಇದೆ. ಅದು 1920ರ ಮಾದರಿ. ಚಕ್ರಗಳು ನಮ್ಮದರಂತಲ್ಲ, ರೇಡಿಯೇಟರಿನ ಮುಂದಿನ ಕವಚವೂ ಹೆಚ್ಚು ದಪ್ಪ. ಆದರೂ ರಜೆ ಸಿಕ್ಕಾಗ ಒಮ್ಮೆ ಹೋಗಿ ಅದರ ಟರೆಟ್ಟನ್ನು ಎರಡೂ ಬದಿಯಿಂದ ನೋಡಿ ಬಾ. ಕಂಡದ್ದನ್ನು ನನಗೆ ಬರೆಯುವ ಮನಸ್ಸಾದರೆ ಬರೆ, ಇಲ್ಲದಿದ್ದರೆ ನೀನು ನೋಡಿದರೆ ಸಾಕು.

ನನ್ನ ಟರೆಟ್ಟನ್ನು ತೆಗೆದು ನಿನ್ನದನ್ನು ಕಾರಿನ ಮೇಲೆ ಕೂರಿಸಿದ್ದೇನೆ. ಅದಕ್ಕೆ ಬಣ್ಣ ಬಳಿದಿಲ್ಲ, ಕಾರಿನ ಹಳೆಯ ಮರಳು ಬಣ್ಣದ ಮೇಲೆ ಬಿಳಿಯಾಗಿಯೇ ಇದೆ. ಹೊರಬಾಗಿಲ ಕಡೆಗೆ ಮುಖ ಮಾಡಿ ಇಟ್ಟಿದ್ದೇನೆ.

ಸೂಟ್‌ಕೇಸಿನಿಂದ ತೆಗೆದಿದ್ದ ಹಾಳೆಗಳ ಕಟ್ಟನ್ನು ಇವತ್ತು ಅಂಚೆಗೆ ಹಾಕಿದೆ. ಒಳಗೆ ಏನೇನು ಇದೆ, ಯಾವುದು ಎಷ್ಟಿದೆ ಎಂದು ನನಗೆ ಗೊತ್ತಿಲ್ಲ. ನೀನು ಹೇಗೆ ಕಟ್ಟಿದ್ದೆಯೋ ಹಾಗೆಯೇ, ನೀನು ಹಾಕಿದ್ದ ಅದೇ ಎರಡು ರಬ್ಬರ್ ಬ್ಯಾಂಡುಗಳಲ್ಲಿ ಬರುತ್ತಿದೆ.

ಇಂತಿ ನಿನ್ನ
ಅಮ್ಮ