ಕಾರಿನ ‘ಆಟೋ’ ಗುಂಡಿ: ಮಾರುವವರು ಹೇಳದೆ ಬಿಟ್ಟದ್ದು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ರಾತ್ರಿ, ಊರಿಗೆ ಬರುತ್ತಿದ್ದ ಮಗಳನ್ನು ಕರೆತರಲು ಉಡುಪಿಯಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ನಾವು ನಾಲ್ವರು ಹೊರಟಿದ್ದೆವು. ಕಾರು ಅಕ್ಕನ ಮಗನದು. ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒದ್ದೆ ಸೆರಗುಗಳೊಂದಿಗೆ ನಾವು ಪಡುಬಿದ್ರಿ ದಾಟುವಷ್ಟರಲ್ಲಿ ಎದುರಿನ ಗಾಜಿನ ಒಳಮೈ ಪೂರ್ತಿ ಮಬ್ಬಾಗಿ, ಮುಂದೆ ಹೋಗುತ್ತಿದ್ದ ಲಾರಿಯ ದೀಪ ಕೆಂಪು ಮಚ್ಚೆಯಾಗಿ ಮಾತ್ರ ಕಾಣತೊಡಗಿತು. ಅಳಿಯ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಬೈರಾಸಿನಿಂದ ಗಾಜು ಒರೆಸುತ್ತಿದ್ದ. ಎಸಿ ಹಾಕು ಎಂದರೆ, “ಇಷ್ಟು ತಂಡಿಯಲ್ಲಿ ಎಸಿ ಯಾಕೆ ಮಾವ?” ಎಂದು ಕೇಳಿದ.

ಆ ಕಾರಿನಲ್ಲಿ ಒಳಗಿನ ಹವೆಯನ್ನು ತಾನಾಗಿ ಹೊಂದಿಸುವ, ‘ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್’ ಎಂದು ಕರೆಯಲಾಗುವ ವ್ಯವಸ್ಥೆ ಇತ್ತು. ಇದಿರುವ ಮಾದರಿಯೇ ಬೇಕೆಂದು ಅವನು ಹೆಚ್ಚು ಹಣ ಕೊಟ್ಟಿದ್ದ. ಆದರೆ ಕಾರನ್ನು ಕೈಗೊಪ್ಪಿಸುವ ದಿನ ಮೊಬೈಲನ್ನು ಬ್ಲೂಟೂತಿಗೆ ಜೋಡಿಸಲು ಕಾಲು ಗಂಟೆ ಕಲಿಸಿದವರು, ಈ ಗುಂಡಿಯ ಬಗ್ಗೆ “ಇದು ಆಟೋ ಸರ್” ಎಂದಷ್ಟೇ ಹೇಳಿ ಮುಂದೆ ಹೋದರಂತೆ. ವಿಚಾರಿಸಿದಾಗ ನೆರೆಹೊರೆಯ ಹಲವರದೂ ಇದೇ ಕಥೆ ಎಂದು ತಿಳಿಯಿತು. ಅದರಿಂದಾಗಿ ಈ ಪತ್ರ.

ಮೊದಲು ಆ ಅಂಕಿಯ ವಿಷಯ. ಫಲಕದಲ್ಲಿ ಕಾಣುವ 24 ಎಂಬುದು ಕಿಂಡಿಯಿಂದ ಹೊರಬರುವ ಗಾಳಿಯ ಉಷ್ಣತೆಯಲ್ಲ. ಕಾರಿನ ಒಳಗೆ ಎಷ್ಟು ಉಷ್ಣತೆ ಇರಬೇಕೆಂದು ನಾವು ಕೊಡುವ ಅಪ್ಪಣೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಲ್ಪೆ ಕಡಲತೀರದಲ್ಲಿ ನಿಲ್ಲಿಸಿಟ್ಟ ಕಾರಿನೊಳಗೆ 50 ಡಿಗ್ರಿ ಮೀರುವುದು ಕಷ್ಟವಲ್ಲ. ಆಗ ‘ಆಟೋ’ ಒತ್ತಿ 24 ಇಟ್ಟರೂ, 18 ಇಟ್ಟರೂ ತಂಪು ಮಾಡುವ ಕಂಪ್ರೆಸರ್ ಮತ್ತು ಗಾಳಿ ಊದುವ ಬ್ಲೋವರ್ ತಮ್ಮ ಪೂರ್ಣ ಶಕ್ತಿಯಲ್ಲೇ ದುಡಿಯುತ್ತವೆ. ಆದ್ದರಿಂದ 18 ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ವ್ಯತ್ಯಾಸವಿರುವುದು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಮಾತ್ರ. 18 ಇಟ್ಟವರು ಕಾಪು ತಲುಪುವಾಗ ನಡುಗುತ್ತಾರೆ, 28ಕ್ಕೆ ಏರಿಸುತ್ತಾರೆ, ಮುಲ್ಕಿಯಲ್ಲಿ ಸೆಕೆಯಾಯಿತೆಂದು ಮತ್ತೆ ಇಳಿಸುತ್ತಾರೆ. ತಾನಾಗಿ ನಡೆಯಲೆಂದು ದುಡ್ಡು ಕೊಟ್ಟು ತಂದ ಕೆಲಸವನ್ನು ದಾರಿಯುದ್ದಕ್ಕೂ ಕೈಯಿಂದಲೇ ಮಾಡುತ್ತಾರೆ.

ಈ ವ್ಯವಸ್ಥೆ ನಡೆಯುವುದು ಕೆಲವು ಸಣ್ಣ ಸೆನ್ಸರುಗಳ ಸುದ್ದಿಯ ಮೇಲೆ. ಹೊರಗಿನ ಉಷ್ಣತೆಯನ್ನು ಅಳೆಯುವುದು ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ ಇರುತ್ತದೆ. ಒಳಗಿನದನ್ನು ಅಳೆಯುವುದು ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ ಕುಳಿತು, ಕಾರಿನೊಳಗಿನ ಗಾಳಿಯನ್ನು ತನ್ನತ್ತ ಸೆಳೆದುಕೊಂಡು ನೋಡುತ್ತದೆ. ಬಿಸಿಲು ಎಷ್ಟು ಬೀಳುತ್ತಿದೆ ಎಂದು ಗ್ರಹಿಸುವ ಮೂರನೆಯದು ಎದುರಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಗುಂಡಿಯಂತೆ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಕಾರುಗಳಲ್ಲಿ ಗಣಪತಿಯ ವಿಗ್ರಹವೋ, ಕಟೀಲಿನ ಪ್ರಸಾದದ ಹೂವೋ, ಹೊಳೆಯುವ ಮಖಮಲ್ ಹಾಸೋ ಸರಿಯಾಗಿ ಇದರ ಮೇಲೆಯೇ ಇರುವುದನ್ನು ನೋಡಿದ್ದೇನೆ. ಭಕ್ತಿಗೆ ನನ್ನ ತಕರಾರಿಲ್ಲ, ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಸಾಕು. ಇಲ್ಲವಾದರೆ ನಡು ಮಧ್ಯಾಹ್ನವೂ ಆ ಯಂತ್ರದ ಪಾಲಿಗೆ ಮೋಡ ಕವಿದ ದಿನವೇ.

ಈ ಸುದ್ದಿಗಳನ್ನೆಲ್ಲ ಒಂದು ಸಣ್ಣ ಕಂಪ್ಯೂಟರ್ ಕೂಡಿಸಿ ಲೆಕ್ಕ ಹಾಕಿ, ಬ್ಲೋವರಿನ ವೇಗವನ್ನೂ ಗಾಳಿ ಹೋಗಬೇಕಾದ ದಿಕ್ಕನ್ನೂ ತೀರ್ಮಾನಿಸುತ್ತದೆ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎನ್ನುವ ಭಾಗವನ್ನು ಹಾದು ತಣ್ಣಗಾದ ಗಾಳಿಯಲ್ಲಿ ಒಂದು ಪಾಲನ್ನು, ಎಂಜಿನ್ನಿನ ಬಿಸಿನೀರು ಹರಿಯುವ ಹೀಟರಿನ ಮೂಲಕ ಹಾಯಿಸಿ, ಎರಡನ್ನೂ ಬೆರೆಸಿಯೇ ನಮಗೆ ಕೊಡಲಾಗುತ್ತದೆ. ಸ್ನಾನಕ್ಕೆ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡುವ ಹಾಗೆ. ಎಷ್ಟು ಪಾಲು ಎಂಬುದನ್ನು ನಿರ್ಧರಿಸುವುದು ಪುಟ್ಟ ಮೋಟರಿನಿಂದ ತಿರುಗುವ ಒಂದು ಪ್ಲಾಸ್ಟಿಕ್ ಬಾಗಿಲು. ಹವೆಯನ್ನು ತಾನಾಗಿ ಹೊಂದಿಸುವ ಕಲ್ಪನೆ ಹೊಸದಲ್ಲ; ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ 1964ರ ಮಾದರಿಯ ಕಾರುಗಳಲ್ಲೇ ಇದನ್ನು ಕೊಟ್ಟಿತ್ತು.

ಈ ಬಾಗಿಲಿನ ದೆಸೆಯಿಂದ ನಾನೂ ದಂಡ ತೆತ್ತಿದ್ದೇನೆ. ನನ್ನ ಹಳೆಯ ಕಾರಿನಲ್ಲಿ ಚಾಲಕನ ಕಡೆಗೆ ಬಿಸಿ ಗಾಳಿ, ಪಕ್ಕದವರಿಗೆ ತಣ್ಣನೆಯ ಗಾಳಿ ಬರತೊಡಗಿದಾಗ, ಒಂದು ಗ್ಯಾರೇಜಿನವರು ಗ್ಯಾಸ್ ಮುಗಿದಿದೆಯೆಂದು ಒಂದೇ ವರ್ಷದಲ್ಲಿ ಎರಡು ಸಲ ತುಂಬಿಸಿದರು. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಓಡಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕೊನೆಗೆ ಮಣಿಪಾಲದ ಒಬ್ಬ ಹುಡುಗ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು, ಒಳಗಿನ ಟಿಕ್ ಟಿಕ್ ಸದ್ದು ಕೇಳಿ, ಬಾಗಿಲಿನ ಮೋಟರ್ ಹಲ್ಲು ಸವೆದಿದೆ ಎಂದು ಹೇಳಿದ. ಅದನ್ನು ಬದಲಿಸಿದ ಮೇಲೆ ತೊಂದರೆ ಬರಲಿಲ್ಲ.

ಇನ್ನು ಮಳೆಗಾಲ. ಕರಾವಳಿಯವರಾದ ನಮಗೆ ಎಸಿ ತಂಪು ಮಾಡುವ ಯಂತ್ರವಾಗಿ ಎಷ್ಟು ಬೇಕೋ, ಗಾಳಿಯ ಪಸೆ ಆರಿಸುವ ಯಂತ್ರವಾಗಿಯೂ ಅಷ್ಟೇ ಬೇಕು. ಹವೆ 27 ಡಿಗ್ರಿಯಿದ್ದು ಆರ್ದ್ರತೆ ಶೇಕಡಾ 90ರಷ್ಟಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಅದೇ ಗಾಳಿ 5 ಡಿಗ್ರಿಗೆ ಇಳಿದರೆ 7 ಗ್ರಾಮಿನಷ್ಟನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದದ್ದು ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ, ಕೊಳವೆಯಲ್ಲಿ ಇಳಿದು, ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ಹೀಗೆ ಒಣಗಿದ ಗಾಳಿಯನ್ನು ಹೀಟರಿನಿಂದ ಬೆಚ್ಚಗೆ ಮಾಡಿ ಗಾಜಿನ ಮೇಲೆ ಬಿಟ್ಟರೆ, ಚಳಿಯೂ ಆಗುವುದಿಲ್ಲ, ಮಬ್ಬೂ ನಿಲ್ಲುವುದಿಲ್ಲ. ಆ ರಾತ್ರಿ ಎಸಿ ಹಾಕಿಸಿ, ಅಂಕಿಯನ್ನು 26ಕ್ಕೆ ಇರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಬಿಡಿಸಿದಾಗ, ಬೈರಾಸಿನ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು.

ಆದರೆ ಮಬ್ಬು ಗಾಜಿನ ಹೊರಮೈಯಲ್ಲಿ ಕಟ್ಟುವುದೂ ಉಂಟು, ಅದರ ಮದ್ದು ಬೇರೆ. ಮೇಲೆ ಹೇಳಿದಂಥ ಹವೆಯಲ್ಲಿ ಗಾಜು ಸುಮಾರು 25 ಡಿಗ್ರಿಗಿಂತ ತಣ್ಣಗಾದರೆ ಹೊರಗಿನ ಗಾಳಿಯ ಪಸೆಯೇ ಅದರ ಮೇಲೆ ಕೂರುತ್ತದೆ. 18 ಇಟ್ಟು ತಂಪು ಗಾಳಿಯನ್ನು ಗಾಜಿಗೆ ತಿರುಗಿಸಿದವರಿಗೆ ಈ ಅನುಭವ ಆಗಿರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಒಮ್ಮೆ ವೈಪರ್ ಹಾಕಿ, ಗಾಳಿಯ ದಿಕ್ಕು ಬದಲಿಸಿ, ಅಂಕಿಯನ್ನು ಮೇಲಕ್ಕೆ ತರಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಇದನ್ನು ಪ್ರಯೋಗ ಮಾಡಿ ಕಲಿಯುವುದು ಒಳ್ಳೆಯದಲ್ಲ.

ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯ ಬಗ್ಗೆಯೂ ಒಂದು ಮಾತು. ಹೆದ್ದಾರಿಯಲ್ಲಿ ನೀರು ಸುರಿಸುತ್ತ ಹೋಗುವ ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಅದು ಬೇಕೇ ಬೇಕು. ಆದರೆ ಲಾರಿ ದಾಟಿದ ಮೇಲೂ ಬಿಡಿಸದೆ ನಾಲ್ಕೈದು ಮಂದಿ ಗಂಟೆಗಟ್ಟಲೆ ಕುಳಿತರೆ, ಉಸಿರಿನ ಪಸೆಯ ಜೊತೆಗೆ ಇಂಗಾಲದ ಡೈ ಆಕ್ಸೈಡ್ ಕೂಡ ಏರಿ ಚಾಲಕನಿಗೆ ತೂಕಡಿಕೆ ಬರುತ್ತದೆ.

ಇದರಲ್ಲಿ ಯಾವುದೂ ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ತಿಳಿಯುವ ವಿಷಯವಲ್ಲ. ಅಳಿಯನ ಕಾರಿನ ಜೊತೆ ಬಂದ ದಪ್ಪ ಕೈಪಿಡಿಯಲ್ಲಿ ಎಲ್ಲವೂ ಇದೆ, ಆದರೆ ಇಂಗ್ಲಿಷಿನಲ್ಲಿದೆ, ಮತ್ತು ಪ್ಲಾಸ್ಟಿಕ್ ಚೀಲದಿಂದ ಅದು ಇನ್ನೂ ಹೊರಬಂದಿಲ್ಲ. ಮಂಗಳೂರು, ಉಡುಪಿಯ ಶೋರೂಮಿನವರು ಕಾರು ಕೊಡುವಾಗ ಹೂಹಾರ ಹಾಕಿ ಫೋಟೊ ತೆಗೆಯುವ ಸಮಯದಲ್ಲಿ ಹತ್ತು ನಿಮಿಷವನ್ನು ಇದಕ್ಕೆ ಕೊಡಲಿ, ಮಬ್ಬು ಬಿಡಿಸುವ ಕ್ರಮವನ್ನು ಕನ್ನಡದಲ್ಲಿ ಅರ್ಧ ಪುಟ ಮುದ್ರಿಸಿ ಕೈಗಿಡಲಿ. ಡ್ರೈವಿಂಗ್ ಶಾಲೆಯವರು ಕ್ಲಚ್ಚು, ಗೇರು ಕಲಿಸಿದಂತೆ ಇದನ್ನೂ ಕಲಿಸಲಿ. ಮಳೆಗಾಲದಲ್ಲಿ ಕಲಿಯಲು ಬಂದವರಿಗಂತೂ ಮೊದಲ ವಾರದಲ್ಲೇ ಹೇಳಿಕೊಡಲಿ.

ಇತಿ,
ಒಬ್ಬ ಓದುಗ, ಉಡುಪಿ