ಕೌಂಟರಿನ ಎರಡು ಬದಿ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಕೌಂಟರಿನ ಜವಾಬ್ದಾರಿ ನಿನ್ನ ಕೈಗೆ ಬಂದಿದೆ, ಕೆಲಸದವರಲ್ಲಿ ಹೆಚ್ಚಿನವರು ಬೇರೆ ಭಾಷೆಯ ಕಡೆಯಿಂದ ಬಂದವರು, ಗಿರಾಕಿಗಳು ದಿನಾ ರೇಗುತ್ತಾರೆ ಎಂದು ಬರೆದಿದ್ದೀಯ. ಭಾಷೆ ಕಲಿತು ಬರಲಿ ಎಂದುಬಿಡುವುದು ಸುಲಭ. ಅವರು ಕಲಿಯುತ್ತಾರೆ, ಆದರೆ ಒಂದು ಭಾಷೆ ನಾಲಿಗೆಗೆ ಹತ್ತಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಹೊರೆಯ ದೊಡ್ಡ ಪಾಲನ್ನು ಭಾಷೆ ಬಲ್ಲವರೇ ಹೊರಬೇಕು. ಅದು ನ್ಯಾಯವೂ ಹೌದು, ಕೆಲಸ ಸಾಗುವ ದಾರಿಯೂ ಹೌದು.

ಮೊದಲು "ಅರ್ಥವಾಯಿತಾ?" ಎಂದು ಕೇಳುವುದನ್ನು ಬಿಡು. ಹೊಸಬನಿಂದ ಆ ಪ್ರಶ್ನೆಗೆ ಬರುವ ಉತ್ತರ ಒಂದೇ, ಹೌದು. ಅರ್ಥವಾಗಲಿಲ್ಲ ಎಂದರೆ ಕೆಲಸ ಹೋದೀತೆಂಬ ಭಯವಿರುತ್ತದೆ. ಎಷ್ಟೋ ಕಡೆ ಆ "ಹೌದು" ಕೇಳಿಸಿತು ಎನ್ನುವ ಮರ್ಯಾದೆ ಮಾತ್ರ. ಅದರ ಬದಲು "ಮೊದಲು ಯಾವುದನ್ನು ಮಾಡುತ್ತೀರಿ, ತೋರಿಸಿ" ಎನ್ನು. ಕೈ ಹೋದ ಕಡೆ ನೋಡಿದರೆ ಎಷ್ಟು ತಲುಪಿದೆ ಎಂದು ಗೊತ್ತಾಗುತ್ತದೆ. ಇಲ್ಲ-ಬೇಡಗಳಲ್ಲಿ ಪ್ರಶ್ನೆ ಕೇಳುವುದನ್ನೂ ನಿಲ್ಲಿಸು. "ಕವರ್ ಬೇಡವಾ?" ಎಂದಾಗ "ಹೂಂ" ಎಂದರೆ ಕೆಲವು ಭಾಷೆಗಳವರಿಗೆ "ಹೌದು, ಬೇಡ", ಇನ್ನು ಕೆಲವರಿಗೆ "ಬೇಕು". "ಕವರ್ ಬೇಕಾ?" ಎಂದು ಕೇಳಿದರೆ ಗೊಂದಲವೇ ಇಲ್ಲ. ತಲೆಯಾಡಿಸಿದ್ದನ್ನೂ ಉತ್ತರವೆಂದು ನಂಬಬೇಡ, ಬಲ್ಗೇರಿಯಾದವರು ತಲೆಯನ್ನು ಅಡ್ಡಡ್ಡ ಆಡಿಸಿ ಹೌದು ಎನ್ನುತ್ತಾರೆ.

ಗಿರಾಕಿಗಳು ಮಾಡುವ ತಪ್ಪು ಮೂರು. ದನಿ ಏರಿಸುತ್ತಾರೆ, ಕಿವಿ ಸರಿಯಾಗಿರುವವನಿಗೆ ಅದರಿಂದ ಬೈಗುಳದ ಭಾವ ಬಿಟ್ಟು ಬೇರೇನೂ ತಲುಪುವುದಿಲ್ಲ. ಅಕ್ಷರ ಅಕ್ಷರ ಬಿಡಿಸಿ ಎಳೆಯುತ್ತಾರೆ. ಆಗ ಅವನಿಗೆ ಪರಿಚಯವಿದ್ದ ಪದವೂ ಚೂರಾಗಿ ಗುರುತು ಸಿಗುವುದಿಲ್ಲ. ನಿಧಾನ ಎಂದರೆ ಮಾತಿನ ತುಂಡುಗಳ ನಡುವೆ ಬಿಡುವು ಕೊಡುವುದು, ಪದವನ್ನು ಹಿಗ್ಗಿಸುವುದಲ್ಲ. ಮೂರನೆಯದು ಯಾರೂ ಗಮನಿಸದ್ದು: ಒಮ್ಮೆ ತಿಳಿಯಲಿಲ್ಲ ಎಂದ ಕೂಡಲೇ ಅದೇ ವಿಷಯವನ್ನು ಪೂರ್ತಿ ಬೇರೆ ಮಾತಿನಲ್ಲಿ ಹೇಳುತ್ತಾರೆ. ಪಾಪ, ಅವನು ಮೊದಲ ವಾಕ್ಯದ ಅರ್ಧ ಹಿಡಿದಿರುತ್ತಾನೆ, ಈಗ ಮತ್ತೆ ಮೊದಲಿನಿಂದ ಶುರು. ಅದೇ ವಾಕ್ಯವನ್ನು ಅದೇ ಪದಗಳಲ್ಲಿ ಇನ್ನೊಮ್ಮೆ ಹೇಳಬೇಕು. ಆಗಲೂ ಆಗದಿದ್ದರೆ ಒಂದೇ ಒಂದು ಪದ ಬದಲಿಸಬೇಕು. ಗಿರಾಕಿಗೆ ನೀನು ಪಾಠ ಹೇಳುವಂತಿಲ್ಲ, ಪಕ್ಕದಲ್ಲಿ ನಿಂತು ಹಾಗೆ ಮಾತಾಡಿ ತೋರಿಸಬಹುದು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸು. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು. ಮನಸ್ಸಿನಲ್ಲಿ ಅನುವಾದ ಮಾಡಿಕೊಳ್ಳುವವನಿಗೆ ಅದು ಸಾಲದು, ಅವನ ಮೌನವನ್ನು ದಡ್ಡತನ ಎಂದು ಓದುತ್ತಾರೆ.

ಅಂಕಿಗಳ ವಿಷಯದಲ್ಲಿ ಕಿವಿಯನ್ನು ನಂಬಲೇಬೇಡ. ಕನ್ನಡದಲ್ಲಿ ಇಪ್ಪತ್ತು ಮತ್ತು ಎಪ್ಪತ್ತು, ಇಂಗ್ಲಿಷಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ, ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಜರ್ಮನ್ನಿನಲ್ಲಿ 24 ಅನ್ನು ನಾಲ್ಕು ಮೊದಲು, ಇಪ್ಪತ್ತು ಆಮೇಲೆ ಹೇಳುತ್ತಾರೆ. ಅಲ್ಲಿಂದ ಬಂದವನು ಬರೆದುಕೊಳ್ಳುವಾಗ 42 ಆಗಬಹುದು. ಫೋನ್ ನಂಬರಿನಲ್ಲಿ "ಡಬಲ್ ತ್ರೀ" ಎಂದರೆ ಹೊಸಬ ಒಂದೇ 3 ಬರೆಯುತ್ತಾನೆ. ಒಂದೊಂದೇ ಅಂಕಿ ಹೇಳಿಸು. ಮೊತ್ತ, ಎಣಿಕೆ, ಗಂಟೆ ಮೂರನ್ನೂ ಅವನೇ ಬರೆದು, ಹಾಳೆಯನ್ನು ಗಿರಾಕಿಯ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಲಿ. ತಾರೀಕು ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಹಾಕಿಸು, 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4.

ಈಗ ಗಿರಾಕಿಗಳು ಹೆಚ್ಚು ಸಿಟ್ಟಾಗುವ ವಿಷಯ. "ಏನು ಬೇಕು ನಿಂಗೆ?" ಎಂದು ಹಿರಿಯರೊಬ್ಬರನ್ನು ಕೇಳಿಬಿಟ್ಟ, ಸೊಕ್ಕು ಎನ್ನುತ್ತಾರೆ. ಸೊಕ್ಕಲ್ಲ ಮಗಳೇ. ಕೆಲಸದ ಜಾಗದಲ್ಲಿ ಭಾಷೆ ಕಲಿಯುವವನು ತನಗೆ ಹೇಳಿದ ಮಾತನ್ನೇ ಕಲಿಯುತ್ತಾನೆ. ಇಡೀ ದಿನ "ಬಾ, ತಗೋ, ಇಡು, ಕೊಡು" ಎಂದೇ ಕೇಳಿಸಿಕೊಂಡವನ ಬಾಯಲ್ಲಿ "ಬನ್ನಿ, ತಗೊಳ್ಳಿ" ಎಲ್ಲಿಂದ ಬರಬೇಕು? ಏಕವಚನ ಬಹುವಚನದ ಮರ್ಯಾದೆ ಇರುವ ಎಲ್ಲ ಭಾಷೆಗಳಲ್ಲೂ ಇದೇ ಕಥೆ. ನೀನೂ ನಿನ್ನ ಮೇಲಿನವರೂ ಅವರನ್ನು ಬಹುವಚನದಲ್ಲೇ ಮಾತಾಡಿಸಿ. ನೀವು ಮಾತಾಡಿದ್ದೇ ಅವರ ಬಾಯಲ್ಲಿ ಗಿರಾಕಿಗೆ ತಲುಪುತ್ತದೆ.

ಹೊಸಬರಿಗೆ ಕಲಿಸುವಾಗ ನಮಸ್ಕಾರ, ಊಟ ಆಯ್ತಾ ಇವೆಲ್ಲ ಆಮೇಲೆ. ಮೊದಲ ದಿನವೇ ಬಾಯಿಪಾಠ ಆಗಬೇಕಾದವು ಸಿಕ್ಕಿಬಿದ್ದಾಗ ಹೊರಬರುವ ಮಾತುಗಳು: "ಇನ್ನೊಂದ್ಸಲ ಹೇಳಿ", "ತೋರಿಸಿ", "ಬರೆದುಕೊಡಿ", "ಒಂದು ನಿಮಿಷ, ಕೇಳಿಕೊಂಡು ಬರ್ತೀನಿ". ಪುಸ್ತಕದ ಭಾಷೆಯಲ್ಲಲ್ಲ, ಗಿರಾಕಿ ಆಡುವ ಆಡುಮಾತಿನಲ್ಲೇ. ಅವರವರ ಲಿಪಿಯಲ್ಲಿ ಬರೆದುಕೊಳ್ಳಲು ಬಿಡು.

ಫೋನಿನ ಅನುವಾದದ ಆ್ಯಪ್ ಉಪಯೋಗಕ್ಕೆ ಬರುತ್ತದೆ, ಮಿತಿ ಗೊತ್ತಿರಬೇಕು ಅಷ್ಟೆ. ಕೆಲಸದವರ ಭಾಷೆಯ ಆಫ್‌ಲೈನ್ ಪ್ಯಾಕ್, ಅಂದರೆ ನೆಟ್ ಇಲ್ಲದಾಗಲೂ ನಡೆಯುವಂಥದ್ದು, ಮೊದಲೇ ಇಳಿಸಿಕೊಂಡಿರು. ಒಂದು ಸಲಕ್ಕೆ ಒಂದೇ ವಾಕ್ಯ, ಕರ್ತೃವನ್ನು ಬಿಡದೆ. "ನಾಳೆ ಬಂದು ತಗೊಂಡು ಹೋಗ್ತಾರೆ" ಎಂದರೆ ಯಾರು ಎಂಬುದನ್ನು ಯಂತ್ರ ತಾನೇ ಊಹಿಸುತ್ತದೆ. ಗಾದೆ, ನುಡಿಗಟ್ಟು ಬೇಡ. ಹೆಸರುಗಳನ್ನೂ ಅದು ಕೆಲವೊಮ್ಮೆ ಅರ್ಥ ಬಿಡಿಸಿ ಹಾಕುತ್ತದೆ. ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡು. ಹಾಗೆ ಸರಿ ಬಂದರೆ ಪೂರ್ತಿ ಸರಿ ಎಂದಲ್ಲ, ತಪ್ಪು ಬಂದರೆ ಮಾತ್ರ ಆ ವಾಕ್ಯವನ್ನು ಕಳಿಸಲೇಬೇಡ.

ಆ್ಯಪಿಗೆ ಬಿಡಬಾರದ ಜಾಗಗಳೂ ಇವೆ. ಒಂದು, ಸ್ವಚ್ಛತೆಯ ರಾಸಾಯನಿಕಗಳು. ಬ್ಲೀಚಿಗೆ ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಬೆರೆತರೆ ಕ್ಲೋರಮೈನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಚೀಟಿ ಅಂಟಿಸಿದರೆ ಸಾಲದು. ಬ್ಲೀಚನ್ನೂ ಅದಕ್ಕೆ ಬೆರೆಯಬಾರದವನ್ನೂ ಬೇರೆ ಬೇರೆ ಕಪಾಟಿನಲ್ಲಿ, ಬೇರೆ ಬಣ್ಣದ ಬಕೆಟ್ಟಿನ ಜೊತೆ ಇಡು; ಕೆಂಪು ಅಂಚಿನ ವಜ್ರಾಕೃತಿಯ ಅಪಾಯ ಚಿಹ್ನೆಗಳನ್ನು ಒಂದೊಂದಾಗಿ ತೋರಿಸಿ ಅವರಿಂದಲೇ ಅರ್ಥ ಹೇಳಿಸು. ಖಾಲಿ ನೀರಿನ ಬಾಟಲಿಗೆ ಯಾವ ರಾಸಾಯನಿಕವನ್ನೂ ಸುರಿಯಲು ಬಿಡಬೇಡ.

ಇನ್ನೊಂದು, ಸಹಿ ಹಾಕಿಸುವ ಕಾಗದ, ಗಾಯ, ಕಾಯಿಲೆ. ಇಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲ, ಆ ಕಾಗದದಲ್ಲಿ ಲಾಭವಿಲ್ಲದ ಒಬ್ಬ ದೊಡ್ಡವರೇ ಬೇಕು. ಕೆಲಸಕ್ಕೆ ಕರೆತಂದ ಏಜೆಂಟ್ ಬೇಡ. ಅವರ ಮಕ್ಕಳನ್ನಂತೂ ನಡುವೆ ನಿಲ್ಲಿಸಬೇಡ. ಅಪ್ಪನ ನೋವನ್ನೂ ಸಂಬಳದ ಜಗಳವನ್ನೂ ಮಗುವಿನ ಬಾಯಲ್ಲಿ ಹೇಳಿಸುವುದು ಕ್ರೂರ, ಮಗು ಅರ್ಧ ಬಚ್ಚಿಟ್ಟು ಹೇಳುತ್ತದೆ ಕೂಡ. ಭಾಷಾಂತರ ಮಾಡುವವರು ಸಿಕ್ಕಾಗ ಅವರ ಮುಖ ನೋಡಬೇಡ, ಕೆಲಸದವನ ಮುಖ ನೋಡಿ ಅವನಿಗೇ ಹೇಳು. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸು. ಕೊನೆಗೆ ಅವನು ಒಪ್ಪಿದ್ದೇನು ಎಂಬುದನ್ನು ಅವನ ಭಾಷೆಯಲ್ಲೇ ಹೇಳಿಸಿ, ಅದು ನಿನ್ನ ಕಿವಿಗೆ ತಿರುಗಿ ಬಂದ ಮೇಲಷ್ಟೇ ಪೆನ್ನು ಕೊಡು.

ಇತಿ ನಿನ್ನ ಸೋದರಮಾವ